ಮೂರು ಓವರ್ ಆದಮೇಲೆ ಮಗನ ಚೆಂಡು ಸ್ವಿಂಗ್ ಆಗಲ್ಲ, ಡ್ಯೂಕ್ಸ್ ತರಿಸಲಾ?

ಓದುಗರ ಪ್ರಶ್ನೆ: ಮಗನಿಗೆ 15 ವರ್ಷ. ಮೈಸೂರಿನ ಒಂದು ಕ್ಲಬ್‌ಗೆ ಆಡುತ್ತಾನೆ, ಬಲಗೈ ಮೀಡಿಯಂ ಪೇಸರ್. ಅವನು ಆಡುವ ಪಂದ್ಯಗಳು ಹೆಚ್ಚಾಗಿ ಮ್ಯಾಟ್ ಮೇಲೆ. ಹೊಸ ಚೆಂಡು ಎರಡು ಮೂರು ಓವರ್ ಚೆನ್ನಾಗಿ ಔಟ್ ಸ್ವಿಂಗ್ ಆಗುತ್ತದೆ, ಆಮೇಲೆ ನೇರಾನೇರ ಹೋಗುತ್ತದೆ, ಹೊಡೆಸಿಕೊಳ್ಳುತ್ತಾನೆ. ಹೋದ ತಿಂಗಳು ಮಂಗಳೂರಿಗೆ ಟೂರ್ನಮೆಂಟ್‌ಗೆ ಹೋಗಿದ್ದ. ಅಲ್ಲಿ ಟರ್ಫ್ ವಿಕೆಟ್, ಒಳ್ಳೇ ಕಂಪನಿಯ ಹೊಸ ಚೆಂಡು. ಹತ್ತು ಓವರ್ ಆದರೂ ಸ್ವಿಂಗ್ ಆಗುತ್ತಲೇ ಇತ್ತಂತೆ. ಸಮುದ್ರದ ಗಾಳಿ, ತೇವ ಜಾಸ್ತಿ, ಅದಕ್ಕೇ ಅಂತ ಎಲ್ಲರೂ ಹೇಳುತ್ತಾರೆ. ಟೀಮಿನ ಹುಡುಗರು ವ್ಯಾಸಲೀನ್ ಹಚ್ಚು ಅಂತಾರೆ. ಬಾಟಲಿ ಮುಚ್ಚಳದಲ್ಲಿ ಒಂದು ಬದಿ ಗೀರಿದರೆ ರಿವರ್ಸ್ ಆಗುತ್ತದೆ ಅಂತ ಒಬ್ಬ ಹೇಳಿಕೊಟ್ಟಿದ್ದಾನೆ. ಸ್ಪೀಡ್ ಸಾಲದು ಅಂತ ಮಗ ಜಿಮ್‌ಗೆ ಸೇರಿಸಿ ಎಂದು ಹಠ ಹಿಡಿದಿದ್ದಾನೆ. ಇಂಗ್ಲೆಂಡಿನ ಡ್ಯೂಕ್ಸ್ ಚೆಂಡು ತರಿಸಿಕೊಟ್ಟರೆ ಪ್ರಯೋಜನ ಆಗುತ್ತಾ?

ಉತ್ತರ: ತರಿಸಬೇಡಿ. ತೆಂಗಿನ ನಾರಿನ ಮ್ಯಾಟ್ ಮೇಲೆ ಡ್ಯೂಕ್ಸ್ ಹಾಕಿಸುವುದು ರೇಷ್ಮೆ ಸೀರೆ ಉಟ್ಟು ನಾಟಿ ಹಾಕಲು ಗದ್ದೆಗೆ ಇಳಿದ ಹಾಗೆ. ಆ ಚೆಂಡೂ ನಾಲ್ಕೈದು ಓವರಿಗೆ ಮೈ ಕಿತ್ತುಕೊಂಡು ಕೂರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಬೇರೆ ವಿಷಯ. ನಿಮ್ಮ ಮಗನಿಗೆ ಸ್ವಿಂಗ್ ಮಾಡಲು ಬರುತ್ತದೆ. ಮೊದಲ ಮೂರು ಓವರಿನಲ್ಲಿ ಬಂದದ್ದು ನಾಲ್ಕನೇ ಓವರಿಗೆ ಮರೆತು ಹೋಗುವುದಿಲ್ಲ, ಅಲ್ವಾ? ಬದಲಾದದ್ದು ಅವನ ಕೈ ಅಲ್ಲ, ಕೈಯಲ್ಲಿರುವ ಚೆಂಡು. ನನ್ನ ಹತ್ತಿರ ಬೌಲಿಂಗ್ ಕಲಿಯಲು ಬರುವ ಹುಡುಗರಲ್ಲಿ ಅರ್ಧಕ್ಕರ್ಧ ಜನ ಇದೇ ದೂರು ತರುತ್ತಾರೆ, ಮತ್ತೆ ಎಲ್ಲರೂ ಮೊದಲು ಅನುಮಾನ ಪಡುವುದು ತಮ್ಮ ಸ್ಪೀಡಿನ ಮೇಲೆ.

ಚೆಂಡು ಗಾಳಿಯಲ್ಲಿ ಯಾಕೆ ತಿರುಗುತ್ತದೆ ಅನ್ನುವುದು ಅರ್ಥವಾದರೆ ಉಳಿದ ಗೊಂದಲ ಸುಮಾರು ತಾನೇ ಬಿಡಿಸಿಕೊಳ್ಳುತ್ತದೆ. ಒಳಗೆ ಕಾರ್ಕ್, ಅದರ ಮೇಲೆ ಬಿಗಿಯಾಗಿ ಸುತ್ತಿದ ದಾರ, ಮೇಲೆ ಚರ್ಮ. ದೊಡ್ಡವರ ಪಂದ್ಯದ ಚೆಂಡು 155.9 ಗ್ರಾಮ್‌ನಿಂದ 163 ಗ್ರಾಮ್ ಒಳಗೆ ಇರಬೇಕು ಅಂತ ನಿಯಮ. ನಮಗೆ ಬೇಕಾದದ್ದು ಮಧ್ಯದಲ್ಲಿ ಉಬ್ಬಿ ನಿಂತಿರುವ ಸೀಮ್, ಅಂದರೆ ಹೊಲಿಗೆ. ಒಟ್ಟು ಆರು ಸಾಲು. ಚೆಂಡು ಹಾರುವಾಗ ಅದರ ಮೈಗೆ ಗಾಳಿಯ ಒಂದು ತೆಳು ಪದರ ಅಂಟಿಕೊಂಡು ಹರಿಯುತ್ತದೆ. ಸೀಮನ್ನು ಸ್ವಲ್ಪ ಓರೆಯಾಗಿ, ಸ್ಲಿಪ್ ಕಡೆಗೆ ಮುಖ ಮಾಡಿ ಬಿಟ್ಟರೆ, ಒಂದು ಬದಿಯ ಗಾಳಿ ಆ ಉಬ್ಬನ್ನು ಎಡವಿ ಕಲಕಿಹೋಗುತ್ತದೆ. ಇನ್ನೊಂದು ಬದಿಯ ಗಾಳಿ ನಯವಾದ ಚರ್ಮದ ಮೇಲೆ ಸದ್ದಿಲ್ಲದೆ ಜಾರುತ್ತದೆ. ತಮಾಷೆ ಅಂದರೆ, ಕಲಕಿದ ಗಾಳಿಯೇ ಚೆಂಡಿಗೆ ಹೆಚ್ಚು ಹೊತ್ತು ಅಂಟಿಕೊಂಡು ಹಿಂಬದಿಯವರೆಗೆ ಹೋಗುತ್ತದೆ, ನಯವಾಗಿ ಜಾರಿದ್ದು ಬೇಗ ಕಳಚಿಕೊಳ್ಳುತ್ತದೆ. ಹೀಗಾಗಿ ಚೆಂಡಿನ ಹಿಂದೆ ಗಾಳಿ ಒಂದು ಪಕ್ಕಕ್ಕೆ ತಳ್ಳಿಸಿಕೊಳ್ಳುತ್ತದೆ, ಚೆಂಡು ಇನ್ನೊಂದು ಪಕ್ಕಕ್ಕೆ, ಅಂದರೆ ಸೀಮ್ ಮುಖ ಮಾಡಿದ ಕಡೆಗೆ, ವಾಲುತ್ತದೆ.

ಇಷ್ಟೇ ಸ್ವಿಂಗ್. ಎರಡು ಬದಿಯ ನಡುವೆ ವ್ಯತ್ಯಾಸ ಇರಬೇಕು, ಅಷ್ಟೇ ಅದಕ್ಕೆ ಬೇಕಾದದ್ದು. ಚೆಂಡನ್ನು ಪ್ಯಾಂಟಿಗೆ ಉಜ್ಜುವುದೂ ಇದಕ್ಕೇ. ಉಜ್ಜಿ ಉಜ್ಜಿ ಒಂದು ಬದಿ ಭಾರವಾಗುತ್ತದೆ, ಭಾರದ ಕಡೆಗೆ ಚೆಂಡು ಎಳೆಯುತ್ತದೆ ಅನ್ನುವ ಮಾತು ಸುಮ್ನೆ ಓಡಾಡುತ್ತಿದೆ. ಬೆವರಿನಿಂದ ಆಗುವ ತೂಕದ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಒಂದು ಬದಿ ನಯವಾಗಿ ಉಳಿಯಬೇಕು ಅನ್ನುವುದೇ ಉದ್ದೇಶ.

ಈಗ ಮ್ಯಾಟ್‌ಗೆ ಬನ್ನಿ. ಮ್ಯಾಟಿನ ನಾರು ಒರಟು, ಪ್ರತಿ ಎಸೆತಕ್ಕೂ ಚರ್ಮವನ್ನು ಉಜ್ಜುತ್ತದೆ. ಔಟ್‌ಫೀಲ್ಡಿನಲ್ಲಿ ಹುಲ್ಲು ಕಡಿಮೆ, ಮಣ್ಣು ಕಲ್ಲು ಜಾಸ್ತಿ ಇದ್ದರಂತೂ ಒಂದು ಬೌಂಡರಿ ಹೋಗಿ ಬಂದರೆ ಸಾಕು, ಚೆಂಡಿನ ಗುರುತು ಸಿಗುವುದಿಲ್ಲ. ಸಮಸ್ಯೆ ಒರಟಾಗುವುದಲ್ಲ, ಎರಡೂ ಬದಿ ಒಟ್ಟಿಗೆ ಒರಟಾಗುವುದು. ಸೀಮ್ ಕೂಡ ಚಪ್ಪಟೆಯಾಗುತ್ತದೆ. ವ್ಯತ್ಯಾಸವೇ ಇಲ್ಲದ ಮೇಲೆ ಗಾಳಿ ಎರಡೂ ಕಡೆ ಒಂದೇ ಥರ ಹರಿಯುತ್ತದೆ, ಚೆಂಡು ನೇರ ಹೋಗುತ್ತದೆ. ಚೆಂಡು ಅಗ್ಗದ್ದಾದರೆ ಇದು ಇನ್ನೂ ಬೇಗ. ಲೋಕಲ್ ಪಂದ್ಯಗಳಲ್ಲಿ ಎರಡು ತುಂಡು ಚರ್ಮ ಸೇರಿಸಿ ಹೊಲಿದ ಟೂ ಪೀಸ್ ಚೆಂಡು ಕೊಡುವುದುಂಟು. ಫೋರ್ ಪೀಸ್ ಚೆಂಡಿನಲ್ಲಿ ನಾಲ್ಕು ತುಂಡು ಚರ್ಮ ಇರುತ್ತದೆ, ಆಕಾರ ಹೆಚ್ಚು ಹೊತ್ತು ನಿಲ್ಲುತ್ತದೆ.

ಮಂಗಳೂರಿನಲ್ಲಿ ಆದದ್ದೇನು ಅಂತ ನೀವೇ ಬರೆದಿದ್ದೀರಿ, ಗಮನಿಸಿಲ್ಲ ಅಷ್ಟೆ. ಟರ್ಫ್ ವಿಕೆಟ್, ಒಳ್ಳೇ ಕಂಪನಿಯ ಹೊಸ ಚೆಂಡು. ಟರ್ಫ್ ಅಂದಮೇಲೆ ಔಟ್‌ಫೀಲ್ಡಿನಲ್ಲೂ ಹುಲ್ಲು ಇದ್ದಿರಬೇಕು. ಮುಕ್ಕಾಲು ಪಾಲು ಕಾರಣ ಅದೇ. ಸಮುದ್ರದ ತೇವಕ್ಕೆ ಎಲ್ಲರೂ ಕೊಡುವ ವಿವರಣೆ ಏನು? ತೇವದ ಗಾಳಿ ಭಾರ, ಅದು ಚೆಂಡನ್ನು ತಳ್ಳುತ್ತದೆ ಅಂತ. ಇದು ತಲೆಕೆಳಗು. ನೀರಿನ ಆವಿ ಒಣಗಾಳಿಗಿಂತ ಹಗುರ, ಹಾಗಾಗಿ ತೇವ ಜಾಸ್ತಿಯಾದಷ್ಟೂ ಗಾಳಿ ಸ್ವಲ್ಪ ಹಗುರವೇ ಆಗುತ್ತದೆ. ತೇವಕ್ಕೂ ಸ್ವಿಂಗಿಗೂ ನೇರ ಸಂಬಂಧ ಹುಡುಕಿ ಮಾಡಿದ ಪ್ರಯೋಗಗಳಲ್ಲಿ ಅಂಥದ್ದೇನೂ ಸಿಗಲಿಲ್ಲ. ಆದರೆ ಊರಿಂದ ಊರಿಗೆ ಒಂದು ನಿಜವಾದ ವ್ಯತ್ಯಾಸ ಇದೆ, ಅದನ್ನು ಯಾರೂ ಹೇಳುವುದಿಲ್ಲ: ಎತ್ತರ. ಮೈಸೂರು ಸಮುದ್ರ ಮಟ್ಟದಿಂದ 750 ಮೀಟರಿಗೂ ಮೇಲೆ ಇದೆ, ಬೆಂಗಳೂರು 900 ದಾಟುತ್ತದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಲೆಕ್ಕ ಹಾಕಿದರೆ ಮಂಗಳೂರಿನಲ್ಲಿ ಚೆಂಡಿಗೆ ಸಿಗುವ ಪಕ್ಕದ ಒತ್ತಡ ಮೈಸೂರಿಗಿಂತ ಹೆಚ್ಚೆಂದರೆ ಏಳೆಂಟು ಪರ್ಸೆಂಟ್ ಜಾಸ್ತಿ. ಚಿನ್ನಸ್ವಾಮಿಯಲ್ಲಿ ಸಿಕ್ಸರ್ ಸುಲಭಕ್ಕೆ ಹೋಗುವುದರಲ್ಲೂ ಈ ತೆಳು ಗಾಳಿಯ ಪಾಲಿದೆ. ಏಳೆಂಟು ಪರ್ಸೆಂಟಿಗೆ ಸ್ವಿಂಗ್ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ.

ಮೋಡದ ಕಥೆ ನೀವು ಕೇಳಿಲ್ಲ, ಆದರೆ ಮುಂದಿನ ಮಳೆಗಾಲದಲ್ಲಿ ಕೇಳುತ್ತೀರಿ, ಅದಕ್ಕೆ ಈಗಲೇ ಹೇಳಿಬಿಡುತ್ತೇನೆ. ಮೋಡ ಕವಿದಾಗ ಚೆಂಡು ಹೆಚ್ಚು ಓಡಾಡುತ್ತದೆ ಅಂತ ಬೌಲರ್‌ಗಳು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ, ನಾನೂ ಅದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಕಾರಣದ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತ ಇಲ್ಲ. ಬಿಸಿಲಿಗೆ ಕಾದ ನೆಲದಿಂದ ಗಾಳಿ ಮೇಲೇಳುತ್ತಾ ಕಲಕುತ್ತಿರುತ್ತದೆ, ಮೋಡ ಇದ್ದಾಗ ಗಾಳಿ ಶಾಂತವಾಗಿರುತ್ತದೆ, ಹಾಗಾಗಿ ಚೆಂಡಿನ ನಯವಾದ ಬದಿಯ ಹರಿವು ಕೆಡುವುದಿಲ್ಲ ಅನ್ನುವ ವಾದ ಒಂದಿದೆ. ನನಗೆ ಅದು ಒಪ್ಪಿಗೆಯಾಗುತ್ತದೆ. ಇನ್ನೊಂದು ಸಂಗತಿ, ಮೋಡದ ದಿನ ಟರ್ಫ್ ಪಿಚ್ ಬೇಗ ಒಣಗುವುದಿಲ್ಲ. ಆಗ ಚೆಂಡು ನೆಲಕ್ಕೆ ಬಿದ್ದಮೇಲೆ ಸೀಮ್ ಆಗುತ್ತದೆ, ಅಂದರೆ ಹೊಲಿಗೆ ತಾಗಿ ಪಕ್ಕಕ್ಕೆ ತಿರುಗುತ್ತದೆ, ನೋಡುವವರು ಅದನ್ನೂ ಸ್ವಿಂಗ್ ಅಂತಲೇ ಕರೆಯುತ್ತಾರೆ. ಮ್ಯಾಟ್ ಮೇಲೆ ಆಡುವವರಿಗೆ ಈ ಲಾಭ ಇಲ್ಲ.

ಈಗ ಸ್ಪೀಡ್. ಮಗನಿಗೆ ಇದನ್ನು ಓದಿ ಹೇಳಿ. ಮಾಮೂಲಿ ಸ್ವಿಂಗಿಗೆ ಬೇಕಾದ ವೇಗದ ಬಗ್ಗೆ ತುಂಬಾ ಅಧ್ಯಯನ ಮಾಡಿದವರು ನಾಸಾದಲ್ಲಿ ಕೆಲಸ ಮಾಡಿದ ರಬೀಂದ್ರ ಮೆಹ್ತಾ. ಗಾಳಿ ಸುರಂಗದಲ್ಲಿ ಚೆಂಡು ಇಟ್ಟು ನೋಡಿದಾಗ ಅವರಿಗೆ ಕಂಡದ್ದು, ಸೀಮನ್ನು ಸುಮಾರು 20 ಡಿಗ್ರಿ ಓರೆ ಹಿಡಿದು ಗಂಟೆಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ಬಿಟ್ಟಾಗ ಸ್ವಿಂಗ್ ಅತಿ ಹೆಚ್ಚು ಅಂತ. ಒಬ್ಬ ಒಳ್ಳೆಯ ಹದಿನೈದು ವರ್ಷದ ಮೀಡಿಯಂ ಪೇಸರ್ ಹಾಕುವುದು ಹೆಚ್ಚುಕಮ್ಮಿ ಅಷ್ಟೇ! ಅದಕ್ಕಿಂತ ತುಂಬಾ ಜಾಸ್ತಿ ವೇಗಕ್ಕೆ ಹೋದರೆ, 140ರ ಆಚೆ, ನಯವಾದ ಬದಿಯ ಗಾಳಿಯೂ ಸೀಮಿನ ನೆರವಿಲ್ಲದೆ ತಾನೇ ಕಲಕಿಹೋಗುತ್ತದೆ, ಮಾಮೂಲಿ ಸ್ವಿಂಗ್ ಕಡಿಮೆಯಾಗುತ್ತದೆ, ಕೊನೆಗೆ ಚೆಂಡು ಉಲ್ಟಾ ತಿರುಗಲು ಶುರುಮಾಡುತ್ತದೆ. ಅದೇ ರಿವರ್ಸ್. ಹಳೇ ಒರಟು ಚೆಂಡಿನಲ್ಲಿ ಇನ್ನೂ ಕಡಿಮೆ ವೇಗಕ್ಕೇ ಅದು ಬರುತ್ತದೆ ನಿಜ, ಆದರೂ ನಿಮ್ಮ ಮಗನ ವೇಗಕ್ಕೆ ಪಾಕಿಸ್ತಾನದ ವಾಸಿಂ ಅಕ್ರಮ್, ವಕಾರ್ ಯೂನಿಸ್ ಮಾಡಿದ ರಿವರ್ಸ್ ಬರುವುದಿಲ್ಲ. ಅವರಿಬ್ಬರೂ ಚೆಂಡನ್ನು ಕಾಪಾಡಿದ ರೀತಿಯ ಜೊತೆಗೆ ವೇಗವೂ ಅವರ ಬಳಿ ಇತ್ತು.

ಹಾಗಾಗಿ ಬಾಟಲಿ ಮುಚ್ಚಳ ಪ್ರಯೋಜನಕ್ಕೂ ಬರುವುದಿಲ್ಲ, ತಪ್ಪೂ ಹೌದು. ನಿಯಮದ ಪ್ರಕಾರ ಚೆಂಡನ್ನು ಉಜ್ಜಬಹುದು, ಬೆವರು ಹಚ್ಚಬಹುದು, ಒದ್ದೆಯಾದರೆ ಬಟ್ಟೆಯಲ್ಲಿ ಒರೆಸಬಹುದು, ಮಣ್ಣು ಅಂಟಿದರೆ ಅಂಪೈರ್ ಎದುರಿಗೆ ತೆಗೆಯಬಹುದು. ಹೊರಗಿನ ಯಾವ ವಸ್ತುವನ್ನೂ ಹಚ್ಚುವಂತಿಲ್ಲ, ಗೀರುವಂತಿಲ್ಲ. ಸಿಕ್ಕಿಬಿದ್ದರೆ ಎದುರಾಳಿಗೆ 5 ರನ್ ಹೋಗುತ್ತದೆ, ಅವರು ಕೇಳಿದರೆ ಚೆಂಡೂ ಬದಲಾಗುತ್ತದೆ. 2018ರ ಕೇಪ್ ಟೌನ್ ಟೆಸ್ಟ್ ನೆನಪಿರಬಹುದು. ಚೆಂಡು ಕೆಡಿಸಿದ್ದಕ್ಕೆ ಆಸ್ಟ್ರೇಲಿಯಾದ ಸ್ಮಿತ್, ವಾರ್ನರ್ ಒಂದೊಂದು ವರ್ಷ, ಮರಳು ಕಾಗದ ಹಿಡಿದಿದ್ದ ಬ್ಯಾಂಕ್ರಾಫ್ಟ್ ಒಂಬತ್ತು ತಿಂಗಳು ಹೊರಗೆ ಕೂತರು. ವ್ಯಾಸಲೀನ್ ಕಥೆ ಇನ್ನೂ ಹಳೆಯದು. 1977ರ ಜನವರಿಯಲ್ಲಿ ಮದ್ರಾಸ್ ಟೆಸ್ಟ್ ನಡೆಯುವಾಗ ಇಂಗ್ಲೆಂಡಿನ ಜಾನ್ ಲೀವರ್ ಹಣೆಗೆ ವ್ಯಾಸಲೀನ್ ಸವರಿದ ಪಟ್ಟಿ ಕಟ್ಟಿಕೊಂಡಿದ್ದರು, ನಮ್ಮ ನಾಯಕ ಬಿಷನ್ ಸಿಂಗ್ ಬೇಡಿ ತಕರಾರು ತೆಗೆದರು. ಬೆವರು ಕಣ್ಣಿಗೆ ಇಳಿಯದಿರಲಿ ಅಂತ ಕಟ್ಟಿದ್ದು ಎಂದು ಇಂಗ್ಲೆಂಡ್ ಹೇಳಿತು, ಲೀವರ್ ತಪ್ಪಿತಸ್ಥ ಅಂತ ಆಗಲಿಲ್ಲ. ಆದರೆ ಇವತ್ತಿಗೂ ಅವರ ಹೆಸರು ಬಂದರೆ ಜನಕ್ಕೆ ಮೊದಲು ನೆನಪಾಗುವುದು ಆ ಪಟ್ಟಿ. ಹದಿನೈದು ವರ್ಷದ ಹುಡುಗನಿಗೆ ಆ ಥರದ ಹೆಸರು ಅಂಟುವುದು ಬೇಡ.

ಎಂಜಲಿನ ಬಗ್ಗೆ ಒಂದು ಮಾತು. 2025ರ ಐಪಿಎಲ್‌ನಲ್ಲಿ ಎಂಜಲು ಹಚ್ಚಲು ಮತ್ತೆ ಬಿಟ್ಟರು, ಹುಡುಗರು ಅದನ್ನು ಟಿವಿಯಲ್ಲಿ ನೋಡಿ ಇಲ್ಲೂ ಮಾಡುತ್ತಾರೆ. ಮೂಲ ನಿಯಮದಲ್ಲಿ 2022ರಿಂದ ಅದು ನಿಷೇಧ. ಪಂದ್ಯಕ್ಕೆ ಮುಂಚೆ ಅಂಪೈರನ್ನು ಕೇಳಿಕೊಳ್ಳಲಿ. ಬೆವರೇ ಸಾಕು.

ಡ್ಯೂಕ್ಸ್ ಬಗ್ಗೆ ನಿಮಗಿರುವ ಆಸೆ ಸುಮ್ಮನೆ ಬಂದದ್ದಲ್ಲ. ಕೈಹೊಲಿಗೆಯ, ಎದ್ದು ನಿಂತ ಸೀಮ್, ಮೇಲೆ ಒಳ್ಳೇ ಮೆರುಗು, ಇಂಗ್ಲೆಂಡಿನ ಹಸಿರು ಮೈದಾನದಲ್ಲಿ ಅದು ದಿನವಿಡೀ ಓಡಾಡುತ್ತದೆ. ಆ ಕಂಪನಿ ನಡೆಸುವ ದಿಲೀಪ್ ಜಜೋಡಿಯಾ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ನಮ್ಮಲ್ಲಿ ಟೆಸ್ಟ್ ಮತ್ತು ರಣಜಿಗೆ ಬಳಸುವುದು ಮೀರತ್‌ನ ಎಸ್‌ಜಿ. ಅದೂ ಕೈಹೊಲಿಗೆಯೇ. ಆಸ್ಟ್ರೇಲಿಯಾದ ಕೂಕಬುರಾದಲ್ಲಿ ಹೊರಗಿನ ಸಾಲುಗಳು ಯಂತ್ರದ ಹೊಲಿಗೆ, ಹಾಗಾಗಿ ಸೀಮ್ ಬೇಗ ಕೂರುತ್ತದೆ. ಎಸ್‌ಜಿ ಚೆಂಡು ಐದು ಓವರಿಗೇ ಸವೆಯುತ್ತದೆ, ಡ್ಯೂಕ್ಸ್ ಬೇಕು ಅಂತ 2018ರಲ್ಲಿ ಕೊಹ್ಲಿ ಬಹಿರಂಗವಾಗಿ ಹೇಳಿದ್ದರು. 2025ರಲ್ಲಿ ಇಂಗ್ಲೆಂಡಿಗೆ ಹೋದ ಗಿಲ್ ಮತ್ತು ಪಂತ್ ಡ್ಯೂಕ್ಸ್ ಬೇಗ ಮೆತ್ತಗಾಗುತ್ತದೆ ಅಂತ ದೂರಿದರು. ಚೆಂಡಿನ ಬಗ್ಗೆ ಆಟಗಾರರು ದೂರು ಹೇಳದ ದಿನ ಕ್ರಿಕೆಟ್‌ನಲ್ಲಿ ಇಲ್ಲ ಬಿಡಿ. ನಿಮ್ಮ ದುಡ್ಡಿಗೆ ಎರಡು ಮೂರು ಒಳ್ಳೇ ಫೋರ್ ಪೀಸ್ ಎಸ್‌ಜಿ ಚೆಂಡು ಬರುತ್ತದೆ. ಅವನ್ನೇ ತೆಗೆದುಕೊಳ್ಳಿ.

ಅವುಗಳಲ್ಲಿ ಒಂದನ್ನು ಮ್ಯಾಟ್ ಮೇಲೆ ಹಾಕಲೇಬೇಡಿ. ಬ್ಯಾಟರ್ ಬೇಡ, ಕೀಪರ್ ಗ್ಲೌಸ್ ಹಾಕಿದವರು ಒಬ್ಬರು ಸಾಕು. ಮುಕ್ಕಾಲು ಓಟದಲ್ಲಿ ಬಂದು ನೇರ ಗ್ಲೌಸಿಗೆ, ನೆಲ ಮುಟ್ಟದಂತೆ ಹಾಕಲಿ. ಹುಷಾರು, ಇದನ್ನೇ ದಿನವೂ ಮಾಡಿದರೆ ಫುಲ್ ಟಾಸ್ ಹಾಕುವ ಅಭ್ಯಾಸ ಬರುತ್ತದೆ, ಅದಕ್ಕೇ ವಾರದಲ್ಲಿ ಒಂದೆರಡು ಸಲ, ಸ್ವಲ್ಪ ಹೊತ್ತು ಮಾತ್ರ. ಕೀಪರ್ ಹಿಂದಿನಿಂದ ಫೋನಿನಲ್ಲಿ ಸ್ಲೋ ಮೋಷನ್ ತೆಗೆಯಿರಿ. ನೋಡಬೇಕಾದದ್ದು ಒಂದೇ: ಸೀಮ್ ನೆಟ್ಟಗೆ ನಿಂತು ಹಿಮ್ಮುಖವಾಗಿ ಉರುಳುತ್ತಾ ಬರುತ್ತಿದೆಯಾ ಅಥವಾ ಒದ್ದಾಡುತ್ತಿದೆಯಾ? ಸರಿಯಾಗಿ ಕಾಣದಿದ್ದರೆ ಒಂದು ಹಳೇ ಚೆಂಡಿನ ಅರ್ಧಕ್ಕೆ ಮಾರ್ಕರ್‌ನಿಂದ ಬಣ್ಣ ಬಳಿಯಿರಿ. ಬಣ್ಣ ಎರಡು ಪಾಲಾಗಿ ಕಂಡರೆ ಮಣಿಕಟ್ಟು ಸರಿಯಿದೆ, ಕಲಸಿಕೊಂಡು ಕಂಡರೆ ಮಣಿಕಟ್ಟು ಪಕ್ಕಕ್ಕೆ ಬೀಳುತ್ತಿದೆ ಅಂತ ಅರ್ಥ. ಬಳಿದ ಚೆಂಡು ಪಂದ್ಯಕ್ಕೆ ಹೋಗದಂತೆ ನೋಡಿಕೊಳ್ಳಿ.

ಅಂದಹಾಗೆ ಅವನ ಕೋಚ್ ಲೇಟ್ ಸ್ವಿಂಗ್ ಮಾಡು ಅಂತ ಒತ್ತಾಯಿಸುತ್ತಿದ್ದರೆ ತಲೆ ಕೆಡಿಸಿಕೊಳ್ಳುವುದು ಬೇಡ. ಪಕ್ಕದ ಒತ್ತಡ ದಾರಿಯುದ್ದಕ್ಕೂ ಒಂದೇ ಸಮ ಇದ್ದರೂ ಅರ್ಧ ದಾರಿ ಬರುವಷ್ಟರಲ್ಲಿ ಚೆಂಡು ವಾಲುವುದು ಒಟ್ಟು ವಾಲುವಿಕೆಯ ಕಾಲು ಭಾಗ ಮಾತ್ರ. ಉಳಿದ ಮುಕ್ಕಾಲು ಭಾಗ ಬ್ಯಾಟರ್ ಹತ್ತಿರದ ಅರ್ಧದಲ್ಲಿ ಆಗುತ್ತದೆ. ಅದಕ್ಕೇ ಒಳ್ಳೆಯ ಸ್ವಿಂಗ್ ಎಲ್ಲ ಕೊನೇ ಗಳಿಗೆಯಲ್ಲಿ ಆದಂತೆ ಕಾಣುತ್ತದೆ.

ಪಂದ್ಯದಲ್ಲಿ ಚೆಂಡು ಕಾಯುವುದು ಬೌಲರ್ ಒಬ್ಬನ ಕೆಲಸ ಅಲ್ಲ. ಮೊದಲ ಓವರಿನಿಂದಲೇ ಯಾವ ಬದಿ ಹೊಳಪು ಅಂತ ನಿರ್ಧಾರ ಆಗಬೇಕು. ಉಜ್ಜುವ ಕೆಲಸ ಕೈ ಸ್ವಚ್ಛ ಇರುವ ಒಬ್ಬಿಬ್ಬರಿಗೆ ಮಾತ್ರ. ಉಳಿದವರು ಬೆವರಿದ ಅಂಗೈಯಲ್ಲಿ ಇನ್ನೊಂದು ಬದಿಯನ್ನು ಸವರುತ್ತಾ ಕೂರಬಾರದು. ನಮ್ಮ ಲೋಕಲ್ ಟೀಮುಗಳಲ್ಲಿ ಮಿಡಾನ್, ಕವರ್, ಪಾಯಿಂಟ್ ಎಲ್ಲರೂ ತಲಾ ಒಂದೊಂದು ಬದಿ ಉಜ್ಜಿ ಕಳಿಸುತ್ತಾರೆ, ಬೌಲರ್ ಕೈಗೆ ಬರುವಷ್ಟರಲ್ಲಿ ಎರಡೂ ಬದಿ ಒಂದೇ. ನಾನು ಹೇಳಿದಂತೆ ಒಂದೇ ಬದಿ ಕಾಪಾಡಿದರೆ ಮ್ಯಾಟ್ ಮೇಲೂ ಇನ್ನೊಂದು ಎರಡು ಮೂರು ಓವರ್ ಸಿಗುತ್ತದೆ. ಅದಕ್ಕಿಂತ ಜಾಸ್ತಿ ನಾನು ಭರವಸೆ ಕೊಡಲಾರೆ.

ಒಂದು ಬದಿ ಹಾಳಾಗಿ ಇನ್ನೊಂದು ಸುಮಾರಾಗಿ ಉಳಿದಿದ್ದರೆ ಇನ್ನೂ ಒಂದು ದಾರಿ ಇದೆ. ಸೀಮನ್ನು ಓರೆ ಮಾಡದೆ ಪೂರ್ತಿ ನೇರ ಹಿಡಿದು ಹಾಕಲಿ. ಅವನ ವೇಗದಲ್ಲಿ ಚೆಂಡು ಒರಟು ಬದಿಯ ಕಡೆಗೆ ಸ್ವಲ್ಪ ವಾಲುವ ಸಾಧ್ಯತೆ ಇದೆ. ನೆಟ್ಸ್‌ನಲ್ಲಿ ನೋಡಿಕೊಂಡು ಆಮೇಲೆ ಪಂದ್ಯಕ್ಕೆ ತರಲಿ, ಯಾಕೆಂದರೆ ಎಷ್ಟು ವಾಲುತ್ತದೆ ಅನ್ನುವುದು ಆ ದಿನದ ಚೆಂಡಿನ ಸ್ಥಿತಿಯ ಮೇಲೆ ಹೋಗುತ್ತದೆ, ಲೈನ್ ತಪ್ಪಿ ಲೆಗ್ ಕಡೆ ಹೋದರೆ ಬೌಂಡರಿ.

ನನ್ನ ಕೇಳಿದರೆ ಮ್ಯಾಟ್ ಬೌಲರ್ ನಿಜವಾಗಿ ಕಲಿಯಬೇಕಾದದ್ದು ಕಟರ್. ಯಾವ ನಾರು ಚೆಂಡಿನ ಮೈ ಕೀಳುತ್ತದೋ ಅದೇ ನಾರು ಚೆಂಡನ್ನು ಕಚ್ಚಿ ಹಿಡಿಯುತ್ತದೆ. ಬೆರಳನ್ನು ಸೀಮಿನ ಪಕ್ಕಕ್ಕೆ ಎಳೆದು ಬಿಟ್ಟರೆ ಬಿದ್ದಮೇಲೆ ತಿರುಗುತ್ತದೆ, ಅದಕ್ಕೆ ಹೊಳಪು ಬೇಕಿಲ್ಲ. 1952ರಲ್ಲಿ ಲಖನೌದಲ್ಲಿ ಸೆಣಬಿನ ಮ್ಯಾಟ್ ಮೇಲೆ ನಡೆದ ಟೆಸ್ಟ್‌ನಲ್ಲಿ ಪಾಕಿಸ್ತಾನದ ಫಜಲ್ ಮಹಮೂದ್ ನಮ್ಮವರ 12 ವಿಕೆಟ್ ತೆಗೆದರು. ಅವರ ದೊಡ್ಡ ಅಸ್ತ್ರವೇ ಲೆಗ್ ಕಟರ್. ನಮ್ಮ ವೆಂಕಟೇಶ್ ಪ್ರಸಾದ್‌ಗೆ ಎಂಥಾ ವೇಗ ಇತ್ತು ಹೇಳಿ? ಲೆಗ್ ಕಟರ್ ಇತ್ತು. 1996ರ ಡರ್ಬನ್ ಟೆಸ್ಟ್‌ನಲ್ಲಿ ಹತ್ತು ವಿಕೆಟ್ ತೆಗೆದರು. ಇದರ ತೊಂದರೆ ಒಂದೇ, ಕಟರ್ ಹಾಕುವ ಕೈಗೆ ಔಟ್ ಸ್ವಿಂಗರ್‌ನ ಮಣಿಕಟ್ಟು ಮರೆತುಹೋಗುವ ಅಪಾಯ ಇದೆ. ಅದಕ್ಕೇ ಹೊಸ ಚೆಂಡಿನಲ್ಲಿ ಸ್ವಿಂಗ್, ನಾಲ್ಕನೇ ಓವರಿನಿಂದ ಕಟರ್ ಅಂತ ನೆಟ್ಸ್‌ನಲ್ಲೂ ಬೇರೆ ಬೇರೆ ಇಟ್ಟುಕೊಳ್ಳಲಿ.

ಜಿಮ್ ವಿಷಯ ಕೊನೆಗೆ ಇಟ್ಟುಕೊಂಡೆ, ಯಾಕೆಂದರೆ ಇದರಲ್ಲೇ ನನಗೆ ಭಯ. ಮೈ ಗಟ್ಟಿ ಮಾಡಿಕೊಳ್ಳುವುದು ಒಳ್ಳೆಯದೇ, ನೋಡಿಕೊಳ್ಳುವವರು ಇದ್ದರೆ ಸೇರಿಸಿ. ಆದರೆ ವೇಗ ಬೇಕು ಅಂತ ಬೆನ್ನು ತಿರುಚಿ ಜೋರಾಗಿ ಹಾಕಲು ಹೋದರೆ, ಜೊತೆಗೆ ದಿನಾ ಗಂಟೆಗಟ್ಟಲೆ ನೆಟ್ಸ್ ಆದರೆ, ಬೆಳೆಯುವ ವಯಸ್ಸಿನ ಬೌಲರ್‌ಗಳಿಗೆ ಸೊಂಟದ ಹತ್ತಿರ ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು ಬರುವುದು ಅಪರೂಪವೇನಲ್ಲ. ಒಮ್ಮೆ ಬಂದರೆ ತಿಂಗಳುಗಟ್ಟಲೆ ಬೌಲಿಂಗ್ ಇಲ್ಲ. ಬೌಲಿಂಗ್ ಮಾಡಿದಾಗ ಅಥವಾ ಹಿಂದಕ್ಕೆ ಬಾಗಿದಾಗ ಸೊಂಟದ ಒಂದೇ ಕಡೆ ನೋವು ಅಂದರೆ ಮುಲಾಮು ಹಚ್ಚಿ ಕಳಿಸಬೇಡಿ. ಬೌಲಿಂಗ್ ನಿಲ್ಲಿಸಿ ಮೂಳೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ, ಹುಡುಗ ಫಾಸ್ಟ್ ಬೌಲರ್ ಅಂತ ಮೊದಲೇ ಹೇಳಿ.